ಅಧ್ಯಕ್ಷರ ಆದೇಶದಂತೆ

ನಮ್ಮೂರಿನಲ್ಲಿ ನನ್ನ ಮುಖಕ್ಕಿಂತ ನನ್ನ ಧ್ವನಿ ಹೆಚ್ಚು ಜನಕ್ಕೆ ಪರಿಚಯ. ಆಟೋದ ನೆತ್ತಿಗೆ ಹಾರ್ನ್ ಕಟ್ಟಿಕೊಂಡು, ಮೈಕ್ ಹಿಡಿದು ಓಣಿ ಓಣಿ ಸುತ್ತಿ ಕೂಗುವುದು ನನ್ನ ಉದ್ಯೋಗ. ಬಾದಾಮಿಯಲ್ಲಿ ಒಂದು ನಾಟಕ ಕಂಪನಿಗೆ ಕೂಗುತ್ತ ಕಲಿತೆ. ಆಮೇಲೆ ಸೀರೆ ಅಂಗಡಿಯ ರಿಯಾಯಿತಿ, ಕಣ್ಣಿನ ತಪಾಸಣೆ, ತಪ್ಪಿಸಿಕೊಂಡ ಎಮ್ಮೆ, ತೀರಿಹೋದ ಹಿರಿಯರು, ಎಲ್ಲವನ್ನೂ ಕೂಗಿದ್ದೇನೆ. ಊರಿನ ಹೆಸರು ಬರೆಯುವುದಿಲ್ಲ, ಬರೆದರೆ ಮತ್ತೆ ನಮ್ಮ ಮನೆ ಬಾಗಿಲಿಗೇ ಬರುತ್ತಾರೆ. ಹುನಗುಂದದಲ್ಲಿ ಬಸ್ಸು ಹತ್ತಿದರೆ ಸಿಗುವ ಊರು, ಇಳಕಲ್ಲಿನ ವ್ಯಾಪಾರಿಗಳಿಗೆ ಸೀರೆ ನೇಯ್ದುಕೊಡುವ ಊರು. ಅಷ್ಟು ಗೊತ್ತಿದ್ದರೆ ಸಾಕು.

ನನ್ನ ಅಕ್ಕ ಅಲ್ಲಿಯ ಪುರಸಭೆಗೆ ಅಧ್ಯಕ್ಷೆಯಾಗಿದ್ದಳು. ಅದು ಅವಳಿಗಿದ್ದ ಆಸೆಯಿಂದಲ್ಲ. ಕುರ್ಚಿ ಮಹಿಳೆಯರಿಗೆ ಮೀಸಲಾಯಿತು, ತಾವೂ ಸದಸ್ಯರಾಗಿ ಊರಿನ ರಾಜಕೀಯವನ್ನು ಅಂಗೈಯಲ್ಲಿ ಇಟ್ಟುಕೊಂಡಿದ್ದ ಸಾಹುಕಾರರಿಗೆ ತುಟಿ ಬಿಚ್ಚದ ಹೆಣ್ಣುಮಗಳೊಬ್ಬಳು ಬೇಕಾದಳು. ನಮ್ಮ ಓಣಿಯಿಂದ ಆರಿಸಿಬಂದಿದ್ದ ಅಕ್ಕ ಅವರ ಕಣ್ಣಿಗೆ ಬಿದ್ದಳು. ಅವಳು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತರೆ ಊಟದ ಹೊತ್ತಿನ ತನಕ ಮಾತಿಲ್ಲ, ಕತೆಯಿಲ್ಲ. ಮಾತು ಕಡಿಮೆ ಇದ್ದವಳಿಗೆ ಬುದ್ಧಿಯೂ ಕಡಿಮೆ ಎಂದು ಸಾಹುಕಾರರು ತಿಳಿದರು. ಇಷ್ಟು ವರ್ಷ ಊರು ಆಳಿದ ಮನುಷ್ಯನಿಗೆ ಅಷ್ಟೇ ತಿಳಿವಳಿಕೆ.

ಪುರಸಭೆಯ ಪ್ರಕಟಣೆಗಳನ್ನು ಕೂಗುತ್ತಿದ್ದವನು ನಾನೇ. ಏನು ಕೂಗಬೇಕೆಂದು ಹೇಳಿಕೊಡುತ್ತಿದ್ದವನು ಮಾತ್ರ ಸಾಹುಕಾರರ ಬೆನ್ನಿಗೆ ಅಂಟಿಕೊಂಡಿದ್ದ ಒಬ್ಬ ಕಂತ್ರಾಟುದಾರ. ಆ ಕೆಲಸದ ಆಟೋ, ಮೈಕು ಅವನವೇ. ಚಹಾದಂಗಡಿಯಲ್ಲಿ ಕೂತು ಒಂದೊಂದೇ ಶಬ್ದ ಹೇಳುವನು, ನಾನು ಬಾಯಿಪಾಠ ಮಾಡಿಕೊಳ್ಳುವೆ. ಸ್ವಲ್ಪ ದಿನಕ್ಕೆ ನನಗೊಂದು ಹೊಲಸು ವಾಸನೆ ಬಡಿಯತೊಡಗಿತು. ಬೀದಿದೀಪ ಬಂದರೆ ಅದು 'ಸಾಹುಕಾರರ ಅವಿರತ ಪ್ರಯತ್ನದಿಂದ'. ನಳದ ನೀರು ಬಂದ್ ಆದರೆ 'ಮಾನ್ಯ ಅಧ್ಯಕ್ಷರ ಆದೇಶದಂತೆ'. ರಸ್ತೆಗೆ ಡಾಂಬರು ಬಿದ್ದರೆ ಪ್ರಯತ್ನ, ತಳ್ಳುಗಾಡಿಯವರನ್ನು ಎಬ್ಬಿಸಿದರೆ ಆದೇಶ. ನಾನು ಒಂದು ದಿನ ಕೇಳಿಯೇ ಬಿಟ್ಟೆ.

"ಛಲೋದಕ್ಕೆಲ್ಲ ಅವರ ಹೆಸರು, ಕೆಟ್ಟದ್ದಕ್ಕೆಲ್ಲ ನಮ್ಮಕ್ಕನ ಹೆಸರು ಯಾಕ್ರಿ?"

"ಕಾನೂನು ಹಂಗ ಐತೋ ತಮ್ಮಾ," ಎಂದು ಅವನು ಬಸಿಯಲ್ಲಿ ಚಹಾ ಸುರುವಿಕೊಂಡ.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. "ನಾ ಇನ್ನೂ ಒಂದು ಆದೇಶ ಸೈತ ಕೊಟ್ಟಿಲ್ಲ. ಹೆಂಗ ಕೊಡ್ತಾರಂತ ನೋಡಿಲ್ಲ," ಎಂದು ನಕ್ಕಳು. ಅವಳಿಗೆ ನಗು ಬಂತು, ನನಗೆ ಬರಲಿಲ್ಲ.

ಆಮೇಲೆ ಬಂತು ಆ ತೆರಿಗೆ ಕಡಿತ. ಕಲ್ಯಾಣ ಮಂಟಪ, ಲಾಡ್ಜು, ದೊಡ್ಡ ಕಾಂಪ್ಲೆಕ್ಸು, ಕಲ್ಲಿನ ಪಾಲಿಶ್ ಕಾರ್ಖಾನೆ, ಇವುಗಳ ತೆರಿಗೆ ಇಳಿಸಬೇಕೆಂದು ಸಭೆಯಲ್ಲಿ ಠರಾವು ಬಂತು. ಊರಿಗೆ ಬಂಡವಾಳ ಹರಿದು ಬರುತ್ತದೆಂದು ಭಾಷಣವಾಯಿತು. ಮಂಟಪವೂ ಸಾಹುಕಾರರದೇ, ಕಾಂಪ್ಲೆಕ್ಸೂ ಅವರದೇ ಎಂದು ಸಭೆಯಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲವೇ? ಎಲ್ಲರಿಗೂ ಗೊತ್ತಿತ್ತು. ಸಣ್ಣ ಮನೆಗಳಿಗೆ, ನೇಕಾರರ ಓಣಿಗೆ, ಕಿರಾಣಿ ಅಂಗಡಿಗೆ ಬಿಡಿಗಾಸಿನ ರಿಯಾಯಿತಿಯೂ ಇರಲಿಲ್ಲ. ಅಕ್ಕ ಎದ್ದು ನಿಂತು ವಿರೋಧ ಮಾಡಿದಳು. "ಈ ಆದಾಯ ಹೋದ್ರ ಗಟಾರ ಬಳಿಯೋರಿಗೆ ಪಗಾರ ಎಲ್ಲಿಂದ ಕೊಡೂಣು?" ಎಂದು ಕೇಳಿದಳಂತೆ. ಅವರು ಕೈ ಎತ್ತಿ ಠರಾವು ಪಾಸು ಮಾಡಿದರು. ಬಹುಮತದ ಠರಾವನ್ನು ಅಧ್ಯಕ್ಷರು ತಡೆಯುವಂತಿಲ್ಲ ಎಂದು ಅಧಿಕಾರಿಗಳು ತಿಳಿಸಿ ಹೇಳಿದರು. ಮರುದಿನ ನಾನು ಕೂಗಬೇಕಾದ ಮಾತು ಯಾವುದೆಂದು ನೀವೇ ಊಹಿಸಬಹುದು. ಅದರಲ್ಲಿ ಸಾಹುಕಾರರ ಪ್ರಯತ್ನ ಇರಲಿಲ್ಲ.

ಅಕ್ಕ ಹೇಳಿದ ಹಾಗೆಯೇ ಆಯಿತು. ಗುತ್ತಿಗೆಯ ಪೌರಕಾರ್ಮಿಕರನ್ನು ಮನೆಗೆ ಕಳಿಸಿದರು. ಉಳಿದ ಕೆಲವರು ಗುಡಿಸಿದ ಬಸ್‌ಸ್ಟ್ಯಾಂಡು, ಕಾಂಪ್ಲೆಕ್ಸು ಥಳಥಳ, ನಮ್ಮ ಓಣಿಯ ಗಟಾರ ಮಾತ್ರ ಕಟ್ಟಿಕೊಂಡು ಕೂತಿತು. ಮಳೆ ಬಂದ ದಿನ ಆ ಕೊಳೆನೀರು ಹೊಸ್ತಿಲು ದಾಟಿ ಸೀದಾ ಮಗ್ಗದ ಕುಣಿಗೆ ಇಳಿಯಿತು. ನೇಕಾರರ ಮನೆಯಲ್ಲಿ ಎಲ್ಲಕ್ಕಿಂತ ತಗ್ಗಿನ ಜಾಗ ಅದು, ಕಾಲಿಟ್ಟು ಕೂತು ಮೆಟ್ಟುವ ಜಾಗ. ಕೊಳೆನೀರಿನಲ್ಲಿ ಕಾಲಿಟ್ಟು ಯಾರು ನೇಯುತ್ತಾರೆ? ಮಗ್ಗಗಳು ನಿಂತವು. ನಮ್ಮ ಮನೆಯ ಕುಣಿಯಿಂದಲೂ ನಾನು ಮತ್ತು ಅಕ್ಕ ಕೊಡಪಾನದಲ್ಲಿ ನೀರು ತೋಡಿ ಚೆಲ್ಲಿದೆವು. ಅಧ್ಯಕ್ಷೆಯ ಮನೆಯ ಕುಣಿ ಒಣಗಿರಬೇಕು ಎಂದು ಗಟಾರಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ.

ಓಣಿ ಸಿಟ್ಟಿಗೆದ್ದಿತು. ಏಳಬೇಕಾದದ್ದೇ. ಆದರೆ ಮೆರವಣಿಗೆ ಸಾಹುಕಾರರ ಕಾಂಪ್ಲೆಕ್ಸಿನ ಕಡೆ ಹೋಗಲಿಲ್ಲ, ನಮ್ಮ ಮನೆಗೆ ಬಂತು. ಎದುರುಮನೆಯ ಆಯಿ, ನಾವು ಸಣ್ಣವರಿದ್ದಾಗ ನಮಗೆ ರೊಟ್ಟಿ ತಿನ್ನಿಸಿದವಳು, ಕೊಳೆನೀರಿನಲ್ಲಿ ತೊಯ್ದು ಬಣ್ಣ ಕಲಸಿಹೋದ, ಮಗ್ಗಕ್ಕೆ ಹೂಡಿದ್ದ ಹಾಸಿನ ನೂಲನ್ನು ತಂದು ನಮ್ಮ ಹೊಸ್ತಿಲ ಮೇಲೆ ಹಾಕಿದಳು.

"ನಿನ್ನ ಆದೇಶ ಅಲ್ಲನ? ತಗೋ, ನೀನೇ ನೇಯಿ."

ಅಕ್ಕ ಆ ನೂಲನ್ನು ಎತ್ತಿಕೊಂಡು ಒಳಗೆ ಹೋದಳು. ನಾನು ಆಯಿಯ ಜೊತೆ ಜಗಳಕ್ಕೆ ನಿಂತೆ, ನಿಂತು ಏನು ಹೇಳಲಿ? ಓಣಿಯ ತುದಿಯಿಂದ ತುದಿಗೆ ಅದನ್ನು ಆದೇಶ ಎಂದು ಕೂಗಿದ್ದು ನನ್ನದೇ ಗಂಟಲು. ಬೇರೆಯವರು ತುಂಬಿದ ಮಾತಿಗೆ ನನ್ನ ಧ್ವನಿ ಚೀಲವಾಗಿತ್ತು. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಕೆಲವು ವಾರಗಳಲ್ಲಿ ಗಾಳಿ ತಿರುಗಿತು. ಚುನಾವಣೆ ಹತ್ತಿರ ಬರುತ್ತಿತ್ತು, ಬಾಗಲಕೋಟೆಯಿಂದ ಫೋನು ಬಂತು, ನೇಕಾರರ ಓಣಿಯ ಮತ ಕೈಬಿಟ್ಟರೆ ಸುಮ್ಮನಿರುವುದಿಲ್ಲ ಎಂದು ಪಕ್ಷದ ಮೇಲಿನವರು ಗದರಿಸಿದರು. ಕಡಿತ ತಂದ ಅದೇ ಸಾಹುಕಾರರು ಕಡಿತ ರದ್ದು ಮಾಡಲು ತಾವೇ ಸೂಚನೆ ತಂದರು. ಮೊದಲಿನ ಸಭೆಯಲ್ಲಿ ಎದ್ದ ಕೈಗಳೇ ಈ ಸಭೆಯಲ್ಲೂ ಎದ್ದವು. ಅಕ್ಕನ ಕೈಯೂ ಎದ್ದಿತು, ಅವಳು ಮೊದಲಿನಿಂದ ಕೇಳುತ್ತಿದ್ದದ್ದೂ ಅದನ್ನೇ. ಸಭೆ ಮುಗಿದ ಮೇಲೆ ಹೊರಗೆ ಪಟಾಕಿ ಹಾರಿತು, ಸಾಹುಕಾರರ ಕೊರಳಿಗೆ ಹಾರ ಬಿತ್ತು. ಬೆಂಕಿ ಹಚ್ಚಿದವನಿಗೇ ಬೆಂಕಿ ಆರಿಸಿದ ಸನ್ಮಾನ. ನಾಚಿಕೆ ಎಂಬುದು ಸಂತೆಯಲ್ಲಿ ಸಿಗುವಂತಿದ್ದರೆ ನಾನೇ ಹೋಗಿ ತಂದುಕೊಡುತ್ತಿದ್ದೆ.

ಅಷ್ಟಕ್ಕೆ ಮುಗಿಯಲಿಲ್ಲ. ತೆರಿಗೆ ಮತ್ತೆ ಏರಿತೆಂದು ಲಾಡ್ಜಿನವರು, ಕಾರ್ಖಾನೆಯವರು ಮುನಿಸಿಕೊಂಡರು. ರದ್ದಾದರೂ ಹಾಳಾದ ನೂಲು ಯಾರು ಕೊಡುತ್ತಾರೆಂದು ನೇಕಾರರು ಮೊದಲೇ ಮುನಿದಿದ್ದರು. ಎರಡೂ ಕಡೆಯವರಿಗೆ ಬಯ್ಯಲು ಒಂದು ಮುಖ ಬೇಕಿತ್ತು. ಅದು ಯಾವ ಮುಖವೆಂದು ನನಗೆ ಚಹಾದಂಗಡಿಯಲ್ಲಿ ತಿಳಿಯಿತು. ಕಂತ್ರಾಟುದಾರ ಎಂದಿನಂತೆ ಶಬ್ದ ಹೇಳತೊಡಗಿದ.

"ಬಾಯಿಪಾಠ ಮಾಡ್ಕೋ. ಮಾಜಿ ಅಧ್ಯಕ್ಷರ ಆದೇಶದಂತೆ ಜಾರಿಯಾಗಿದ್ದ ಜನವಿರೋಧಿ ತೆರಿಗೆ ಕಡಿತವನ್ನು..."

"ಮಾಜಿ ಯಾರ್ರಿ?"

ಅವನು ಬಸಿ ಕೆಳಗಿಟ್ಟ. "ನಿಮ್ಮಕ್ಕ."

"ಆಕಿ ಇನ್ನೂ ಕುರ್ಚಿ ಮ್ಯಾಲ ಅದಾಳಲ್ರಿ?"

"ನಾಡಿದ್ದು ಅವಿಶ್ವಾಸ ಐತಿ. ಇಳೀತಾಳ. ನೀ ನಾಳೆ ಕೂಗಿಬಿಡು, ಜನ ತಯಾರ ಆಗಲಿ."

"ನಾ ಒಲ್ಲೆ. ನನ್ನ ಬಾಯಾಗ ಆ ಮಾತು ಬರೂದಿಲ್ಲ."

"ಒಲ್ಲೆ ಅಂದ್ರ ಬಿಡು," ಎಂದ. ಸಿಟ್ಟಾಗಲಿಲ್ಲ. ನಗುತ್ತ ಎದ್ದುಹೋದ, ಆ ನಗು ನನಗೆ ಮರುದಿನ ಅರ್ಥವಾಯಿತು.

ಮರುದಿನ ಬೆಳಿಗ್ಗೆ ನಾನು ಮನೆಯಲ್ಲೇ ಇದ್ದೆ. ಅಕ್ಕ ಮಗ್ಗದ ಮುಂದೆ ಕೂತು ಸೆರಗನ್ನು ಸೀರೆಗೆ ಕೂಡಿಸುವ ಕೊಂಡಿ ಹಾಕುತ್ತಿದ್ದಳು, ಒಂದೊಂದೇ ಎಳೆ. ಓಣಿಯ ತುದಿಯಲ್ಲಿ ಆಟೋ ಸದ್ದು ಕೇಳಿತು, ಹಿಂದೆಯೇ ನನ್ನ ಧ್ವನಿ. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೇನೆ, ಹೊರಗೆ ನನ್ನ ಗಂಟಲೇ 'ಮಾಜಿ ಅಧ್ಯಕ್ಷರ ಆದೇಶದಂತೆ' ಎನ್ನುತ್ತಿದೆ. ಮೊಬೈಲಿನಲ್ಲಿ ಹಿಡಿದಿಟ್ಟಿದ್ದ ನನ್ನ ಹಳೆಯ ಪ್ರಕಟಣೆಗಳ ಧ್ವನಿಯನ್ನು ಯಾವುದೋ ಆಪಿಗೆ ಹಾಕಿ, ಬೇಕಾದ ಮಾತು ಆಡಿಸಿದ್ದರು. ಅಂಥ ಆಪುಗಳಿವೆಯೆಂದು ಕೇಳಿದ್ದೆ. ನನಗೇ ಬಡಿಯುತ್ತದೆಂದು ಅಂದುಕೊಂಡಿರಲಿಲ್ಲ. ದುಡಿದು ತಿನ್ನುವವನಿಂದ ಗಂಟಲನ್ನೇ ಕದ್ದುಕೊಂಡು ಹೋಗಿ, ಅವನ ಒಡಹುಟ್ಟಿದವಳಿಗೇ ಬಯ್ಯಿಸುವವರನ್ನು ಏನೆಂದು ಕರೆಯಬೇಕು? ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯಲಾಗದು.

"ಅಕ್ಕಾ, ಅದು ನಾ ಅಲ್ಲ," ಎಂದೆ.

ಅಕ್ಕ ಎಳೆ ಹಿಡಿದ ಕೈಯನ್ನು ತಡೆದು ಆಲಿಸಿದಳು. "ಗೊತ್ತೈತಿ. 'ಸಾರ್ವಜನಿಕರು' ಅನ್ನೂ ಮೊದಲ ನೀ ಉಸಿರು ತಗೋತಿ. ಸಣ್ಣಂವ ಇದ್ದಾಗಿಂದ ತಗೋತಿ. ಅದು ತಗೊಳ್ಳವಲ್ದು."

ನನ್ನ ಕಣ್ಣು ತುಂಬಿಬಂತು. ಊರೆಲ್ಲ ನಂಬಲಿ, ಇವಳೊಬ್ಬಳು ನಂಬಲಿಲ್ಲ. ಆದರೆ ಊರು ನಂಬುತ್ತಿತ್ತು, ಅದೇ ಸಂಕಟ. ಬಾಗಿಲ ಸಂದಿಯಿಂದ ನೋಡಿದೆ. ಓಣಿಯ ಜನ ಕಟ್ಟೆಯ ಮೇಲೆ ನಿಂತು ಕೇಳುತ್ತಿದ್ದರು, ನಮ್ಮ ಬಾಗಿಲ ಕಡೆ ನೋಡಿ ಏನೋ ಆಡಿಕೊಳ್ಳುತ್ತಿದ್ದರು. ತಮ್ಮನೇ ಅಕ್ಕನನ್ನು ಬೀದಿಗೆ ಹಾಕಿದನೆಂದು ತಿಳಿದರೋ, ತಪ್ಪು ಒಪ್ಪಿಕೊಂಡನೆಂದು ತಿಳಿದರೋ. ಅಕ್ಕನಿಗೆ ಕುರ್ಚಿಯ ಚಿಂತೆ ಇರಲಿಲ್ಲ. ಇಳಿದ ಮೇಲೂ ಅವಳು ಇದೇ ಓಣಿಯಲ್ಲಿ ಬಾಳಬೇಕು, ಇದೇ ಆಯಿಯ ಎದುರು ನೀರು ತರಬೇಕು. ಓಣಿಯ ನೂಲು ಹಾಳುಮಾಡಿದವಳು ಎಂಬ ಮಾತು ಅಂಟಿದರೆ ಸಾಯುವ ತನಕ ಹೋಗುವುದಿಲ್ಲ.

ಅಕ್ಕ ಕುಣಿಯಿಂದ ಮೇಲೆದ್ದಳು. ಸೆರಗು ಸರಿಮಾಡಿಕೊಂಡಳು.

"ನಾ ಇವತ್ತು ಅಧ್ಯಕ್ಷೆ ಹೌದಲ್ಲೋ?"

"ಹೌದವಾ. ಖರೆ ಹೇಳಬೇಕಂದ್ರ ನಾಳೆ ಮಧ್ಯಾಹ್ನತನಾ."

"ಹಂಗಾರ ನಂದೊಂದು ಆದೇಶ ಐತಿ. ಕಡಿತಕ್ಕ ಯಾರ್ಯಾರು ಕೈ ಎತ್ತಿದ್ರು, ಯಾರು ಎತ್ತಲಿಲ್ಲ, ಓಣಿಗೆ ಹೇಳಿ ಬಾ."

"ಮೈಕು ಅವರ ಆಟೋದಾಗ ಐತಿ."

"ಮೈಕಿಗೇನು ಹೇಳಿದ್ನಿ ನಾ? ನಿನಗ ಹೇಳಿದ್ನಿ."

ಮರುದಿನ ಅವರು ಅಕ್ಕನನ್ನು ಇಳಿಸಿಯೇ ಇಳಿಸಿದರು. ನಾವು ಗೆದ್ದೆವೆಂದು ಯಾರೂ ತಿಳಿಯಬಾರದೆಂದು ಇದನ್ನು ಇಲ್ಲೇ ಹೇಳಿಬಿಡುತ್ತೇನೆ. ಸಾಹುಕಾರರು ಇನ್ನೂ ಸಾಹುಕಾರರೇ, ಕಂತ್ರಾಟುದಾರ ಇನ್ನೂ ಬಸಿಯಲ್ಲೇ ಚಹಾ ಕುಡಿಯುತ್ತಾನೆ. ಪುರಸಭೆಯ ಕೂಗುವ ಕೆಲಸ ನನಗೆ ಮತ್ತೆ ಬರಲಿಲ್ಲ. ಕೂಗಲು ಈಗ ಅವರಿಗೆ ನಾನು ಬೇಕಾಗಿಯೂ ಇಲ್ಲ.

ಆ ಬೆಳಿಗ್ಗೆ ಮಾತ್ರ ನಾನು ಆಟೋದ ಹಿಂದೆಯೇ ಓಣಿಗೆ ಇಳಿದೆ. ಮುಂದೆ ಹಾರ್ನಿನಲ್ಲಿ ನನ್ನ ಕದ್ದ ಧ್ವನಿ, ಹಿಂದೆ ಬರೀ ಬಾಯಿಯಲ್ಲಿ ನಾನು. ಜನ ಅದನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು, ಒಬ್ಬಿಬ್ಬರು ನಕ್ಕರು. ಆಯಿಯ ಮನೆಯ ಮುಂದೆ ನಿಂತು ಉಸಿರು ತೆಗೆದುಕೊಂಡೆ.

"ಸಾರ್ವಜನಿಕರಲ್ಲಿ ವಿನಂತಿ. ಮಾನ್ಯ ಅಧ್ಯಕ್ಷರ ಆದೇಶದಂತೆ ತಿಳಿಸುವುದೇನೆಂದರೆ, ದೊಡ್ಡವರ ತೆರಿಗೆ ಇಳಿಸಲು ಸಭೆಯಲ್ಲಿ ಕೈ ಎತ್ತಿದವರು..."

ಹೆಸರು ಹೇಳತೊಡಗಿದೆ. ಮೊದಲನೆಯದು ಸಾಹುಕಾರರದು. ಆಟೋದವನು ತಿರುಗಿ ನೋಡಿ ಹಾರ್ನಿನ ಸದ್ದು ಏರಿಸಿದ, ನನ್ನ ಮಾತು ನನ್ನದೇ ಧ್ವನಿಯಲ್ಲಿ ಮುಳುಗಿಹೋಯಿತು. ಗಂಟಲು ಹರಿಯುವ ಹಾಗೆ ಕೂಗಿದರೂ ನನಗೇ ಕೇಳಿಸಲಿಲ್ಲ. ಆಯಿ ಬಾಗಿಲು ತೆರೆದು ಹೊರಗೆ ಬಂದಳು. ಬಯ್ಯುತ್ತಾಳೆಂದುಕೊಂಡೆ. ಅವಳು ಕಟ್ಟೆ ಇಳಿದು ನನ್ನ ಹತ್ತಿರ ಬಂದು ಕಿವಿಗೆ ಕೈ ಹಚ್ಚಿ ನಿಂತಳು.

"ಮತ್ತ ಮೊದಲಿಂದ ಹೇಳೋ," ಎಂದಳು. "ಜೋರ ಹೇಳು, ಕೇಳವಲ್ದು."