ಎರಡು ಸಲ ಬಂದ ಹುಲ್ಲು

ಜೀಪಣ್ಣನ ಹೆಬ್ಬೆರಳು, ತೋರುಬೆರಳು ಎರಡೂ ಕಪ್ಪಗಿದ್ದವು. ಹಸಿ ಹೊಗೆಸೊಪ್ಪು ಮುರಿಯುವಾಗ ಕೈಗೆ ಹತ್ತುವ ಅಂಟು ಅದು. ಸೋಪಿಗೆ ಹೋಗುವುದಿಲ್ಲ, ಸೀಮೆಎಣ್ಣೆಗೂ ಪೂರ್ತಿ ಹೋಗುವುದಿಲ್ಲ. ಆ ಬೆರಳುಗಳಲ್ಲಿ ಅವರು ಜೀಪಿನ ಗೇರು ಹಿಡಿಯುತ್ತಿದ್ದರು ಎಂದು ಬರೆಯಲು ಹೊರಟೆ. ಹಾಗಾದರೆ ಎಡಗೈ. ಆದರೆ ಬೀಡಿ ಹಿಡಿದ ಬೆರಳುಗಳೂ ಕಪ್ಪಗೇ ನೆನಪಾಗುತ್ತವೆ, ಬೀಡಿ ಇದ್ದದ್ದು ಬಲಗೈಯಲ್ಲಿ. ನೋಡಿ ಹೇಳೋಣವೆಂದರೆ ನನ್ನ ಬಳಿ ಅವರ ಒಂದು ಫೋಟೊವೂ ಇಲ್ಲ. ಏಳು ವರ್ಷ ಅವರ ಜೀಪಿನಲ್ಲಿ ಕೂತು ಬೆಟ್ಟಗಳ ಫೋಟೊ ತೆಗೆದವಳು ನಾನು.

ಆಗ ಹುಣಸೂರಿನ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಅವರು ಕಟ್ಟೆಮಳಲವಾಡಿ ಕಡೆಯ ರೈತರು. ಹೊಗೆಸೊಪ್ಪು ಬೆಳೆಯುತ್ತಿದ್ದರು, ಹಳೆಯ ಜೀಪೊಂದನ್ನು ಇಟ್ಟುಕೊಂಡು ಬಾಡಿಗೆಗೂ ಬರುತ್ತಿದ್ದರು. ಊರಿಗೆಲ್ಲ ಜೀಪಣ್ಣ, ನನಗೆ ಬರೀ ಅಣ್ಣ. ಜೀಪು ನನ್ನ ನೆನಪಿನಲ್ಲಿ ಹಸಿರು. ಅವರ ಹೆಂಡತಿ ಬೂದು ಅನ್ನುತ್ತಾರೆ.

ಭಾನುವಾರ ನಸುಕಿನಲ್ಲೇ ಹೊರಟು, ಪಿರಿಯಾಪಟ್ಟಣದಲ್ಲಿ ಟೀ ಕುಡಿದು, ಮಡಿಕೇರಿ ದಾಟಿ ಘಾಟಿಗಿಳಿಯುತ್ತಿದ್ದೆವು. ಇಳಿಜಾರಿನಲ್ಲಿ ಅವರು ಬ್ರೇಕಿಗೆ ಕಾಲು ಹಾಕುತ್ತಿದ್ದುದು ಕಡಿಮೆ, ಗೇರಿನಲ್ಲೇ ಜೀಪನ್ನು ತಡೆದು ತಡೆದು ಇಳಿಸುತ್ತಿದ್ದರು. ಕಣಿವೆ ಒಂದು ತಿರುವಿನಲ್ಲಿ ನನ್ನ ಕಡೆ, ಇನ್ನೊಂದರಲ್ಲಿ ಅವರ ಕಡೆ. ನನಗೆ ಇಷ್ಟವಾದ ಕಡೆ ಅವರು ನಿಲ್ಲಿಸುತ್ತಿರಲಿಲ್ಲ. ಇನ್ನೂರು ಗಜ ಮುಂದೆ ಹೋಗಿ, ಎಂಜಿನ್ ಆರಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, "ಈಗ ನೋಡಿ" ಅನ್ನುತ್ತಿದ್ದರು. ಅಲ್ಲಿ ನಿಜವಾಗಿಯೂ ಹೆಚ್ಚು ಕಾಣುತ್ತಿತ್ತು.

ಬೆಂಕಿಯ ಬಿಸಿಯಲ್ಲಿ ಬೇಯಿಸಿ ಒಣಗಿಸಿದ ಹೊಗೆಸೊಪ್ಪನ್ನು ಬಣ್ಣ ನೋಡಿ ಬೇರೆ ಬೇರೆ ಮಾಡಿ ಬೇಲು, ಅಂದರೆ ಮೂಟೆ, ಕಟ್ಟುವುದರಲ್ಲಿ ಅವರ ಕಣ್ಣು ಆ ಸುತ್ತಿನಲ್ಲೇ ಹೆಸರಾಗಿತ್ತು. ನನಗೆ ಒಂದೇ ಹಳದಿಯಾಗಿ ಕಂಡ ಎಲೆಗಳಲ್ಲಿ ಅವರಿಗೆ ಐದು ಹಳದಿ ಕಾಣುತ್ತಿದ್ದವು. ನನ್ನ ಫೋಟೊಗಳನ್ನೂ ಹಾಗೇ ವಿಂಗಡಿಸುತ್ತಿದ್ದರು.

"ಇದು ಬ್ರೈಟು. ಇದು ಮೀಡಿಯಮ್ಮು. ಇದು ಲೋ ಗ್ರೇಡು ಬುಡಿ ಮೇಡಮ್, ಇದೊಂದ ಸೇರ್ಸುದ್ರೆ ಇಡೀ ಬೇಲೇ ಕೆಟ್ಟೋಯ್ತದೆ."

"ಮಂಜು ಚೆನ್ನಾಗಿ ಬಂದಿದೆಯಲ್ಲಣ್ಣ."

"ಮಂಜು ಬಂದದೆ. ಬೆಟ್ಟ ಎಲ್ ಬಂದದೆ?"

ಒಂದು ತಿರುವು ನನಗೆ ಬಹಳ ಬೇಕಾಗಿತ್ತು. ರಸ್ತೆಯ ಮಧ್ಯಕ್ಕೇ ಹೋಗಿ ನಿಂತರೆ ಮಾತ್ರ ಕಣಿವೆಯ ಮೂರೂ ಮಡಿಕೆ ಒಟ್ಟಿಗೆ ಸಿಗುತ್ತಿದ್ದವು. ಕೆಳಗಿನಿಂದ ಲಾರಿ ಬಂದರೆ ನಾನು ಅದಕ್ಕೆ ಕಾಣುತ್ತಿರಲಿಲ್ಲ. ಅಣ್ಣ ಹೆಗಲ ಮೇಲಿನ ಕೆಂಪು ವಸ್ತ್ರ ತೆಗೆದು, ಕೆಳಗಿನ ಬಾಗಿನಲ್ಲಿ ಹುಲ್ಲಂಚಿಗೆ ಹೋಗಿ ನಿಂತರು. "ನೀವು ತಗೀರಿ, ನಾನವ್ನಿ." ಇಪ್ಪತ್ತು ನಿಮಿಷ ನಿಂತರೋ, ಒಂದು ಗಂಟೆಯೋ. ಲಾರಿಗಳನ್ನು ತಡೆದರು, ಬೈಸಿಕೊಂಡರು. ನಾನು ತೆಗೆದ ಫೋಟೊಗಳಲ್ಲೆಲ್ಲ ಒಳ್ಳೆಯದು ಆವತ್ತು ಸಿಕ್ಕಿತು. ಅದರಲ್ಲಿ ಬಾಗಿನ ಹತ್ತಿರ ಒಂದು ಕೆಂಪು ಚುಕ್ಕೆಯಿತ್ತು, ಚುಕ್ಕೆಯ ಕೆಳಗೆ ಒಬ್ಬ ಮನುಷ್ಯ.

ಮೈಸೂರಿನ ಒಬ್ಬ ಮುದ್ರಕರು ಅದನ್ನು ಕ್ಯಾಲೆಂಡರಿಗೆ ಕೇಳಿದರು. ಆ ಮನುಷ್ಯನನ್ನು ತೆಗೆಯಿರಿ ಎಂದು ಅವರು ಹೇಳಿದರು ಎಂದೇ ಇಷ್ಟು ದಿನ ಅಂದುಕೊಂಡಿದ್ದೆ. ಮೊನ್ನೆ ಹಳೆಯ ಪತ್ರಗಳನ್ನು ತೆಗೆದು ನೋಡಿದೆ. ಅವರು ಹಾಗೆ ಹೇಳಿಯೇ ಇರಲಿಲ್ಲ. ನಾನೇ ಕಂಪ್ಯೂಟರಿನಲ್ಲಿ ಪಕ್ಕದ ಹುಲ್ಲನ್ನು ನಕಲು ಮಾಡಿ ಅಣ್ಣನ ಮೇಲೆ ಹಾಕಿದ್ದೆ. ಹಾಕಿ, ಮೂಲ ಚಿತ್ರದ ಮೇಲೇ ಉಳಿಸಿದ್ದೆ. ಅವರಿದ್ದ ಚಿತ್ರ ಅಲ್ಲಿಗೆ ಅಳಿಸಿಹೋಗಿತ್ತು.

ಕ್ಯಾಲೆಂಡರ್ ಕೊಟ್ಟಾಗ ಅಣ್ಣ ಅದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಬ್ರೈಟು," ಎಂದರು. ಆಮೇಲೆ, "ಇಲ್ಲಿ ಉಲ್ಲು ಎಲ್ಡು ಸಲ ಬಂದದೆ ಮೇಡಮ್. ಈ ಪೊದೆ ನೋಡಿ. ಅದೇ ಪೊದೆ ಮತ್ತಿಲ್ಲಿ."

"ಮೆಷಿನ್ನು ಒಂದೊಂದು ಸಲ ಹಾಗೆ ಮಾಡುತ್ತೆ ಅಣ್ಣ."

"ಊಂ. ಮಾಡ್ತದೇನೋ."

ಅದಾದ ಮೇಲೂ ನಾವು ಹೋದೆವು. ಒಂದೇ ವ್ಯತ್ಯಾಸ. ಮೊದಲೆಲ್ಲ "ಅಣ್ಣ, ಸ್ವಲ್ಪ ಪಕ್ಕಕ್ಕೆ" ಎಂದು ನಾನು ಹೇಳಬೇಕಾಗುತ್ತಿತ್ತು. ಈಗ ನಾನು ಕ್ಯಾಮೆರಾ ಎತ್ತುವ ಮೊದಲೇ ಅವರು ಕೇಳುತ್ತಿದ್ದರು, "ಇಲ್ಲಿ ನಿಂತ್ರೆ ಫೋಟೊಗೆ ಬೀಳ್ತೀನಾ ಮೇಡಮ್?" ಆ ದನಿಯಲ್ಲಿ ಕೊಂಕಿತ್ತೇ? ಇರಲಿಲ್ಲ ಎಂದು ಆಗ ಅನಿಸಿತ್ತು. ಈಗ ಕೆಲವು ದಿನ ಇತ್ತು ಅನ್ನಿಸುತ್ತದೆ, ಕೆಲವು ದಿನ ಇಲ್ಲ.

ಕಳೆದ ವರ್ಷ ಸೊಪ್ಪು ಬೇಯಿಸುವ ಕಾಲದಲ್ಲೇ ಅವರು ತೀರಿಕೊಂಡರು. ಮಲಗಿದವರು ಏಳಲಿಲ್ಲವಂತೆ. ಮೂರನೆಯ ದಿನ ಮಗಳು ಫೋನ್ ಮಾಡಿದಳು. "ಮೇಡಮ್, ತಿಥಿಗೆ ಫ್ಲೆಕ್ಸ್ ಹಾಕುಸ್ಬೇಕು. ಅಪ್ಪಂದು ಲೈಸೆನ್ಸ್ ಫೋಟೊ ಬುಟ್ರೆ ಏನೂ ಇಲ್ಲ. ನಿಮ್ಮತ್ರ ಬೇಕಾದಷ್ಟು ಇರ್ತವಲ್ಲ."

"ಇರ್ತವಮ್ಮ, ಕಳಿಸ್ತೀನಿ" ಎಂದೆ.

ನಾಲ್ಕು ದಿನ ಹುಡುಕಿದೆ. ಸಾವಿರಾರು ಬೆಟ್ಟ, ಮಂಜು, ತಿರುವು. ಒಂದರಲ್ಲಿ ಜೀಪಿನ ಕನ್ನಡಿ ಇತ್ತು, ಅದರೊಳಗೂ ಆಕಾಶವೇ. ಇಲ್ಲ ಎಂದು ಹೇಳಲು ಫೋನ್ ಮಾಡುವ ಧೈರ್ಯವಾಗದೆ, ಸಿಗಲಿಲ್ಲ ಎಂದು ಮೆಸೇಜ್ ಹಾಕಿದೆ.

ತಿಥಿಯ ದಿನ ಹೋದಾಗ ಊರ ಬಾಗಿಲಲ್ಲಿ ಫ್ಲೆಕ್ಸ್ ಕಟ್ಟಿದ್ದರು. ಲೈಸೆನ್ಸಿನ ಫೋಟೊವನ್ನು ಹಿಗ್ಗಿಸಿ ಹಿಗ್ಗಿಸಿ ಮುಖವೆಲ್ಲ ಚೌಕ ಚೌಕವಾಗಿತ್ತು. ಹೆಸರು ಓದಿದ ಮೇಲೇ ನನಗೆ ಗುರುತು ಸಿಕ್ಕಿದ್ದು.

ಒಳಗೆ ಅವರ ಹೆಂಡತಿ ಗೋಡೆಗೊರಗಿ ಕೂತಿದ್ದರು. ನಾನು ಪಕ್ಕದಲ್ಲಿ ಕೂತೆ.

"ನಿಮ್ ಬೆಟ್ಟಕ್ಕೆ ಮಂಜು ಬೀಳೋ ಕಾಲ್ದಲ್ಲೇ ನಮ್ಗೆ ಸೊಪ್ಪು ಬೇಯ್ಸೋ ಕಾಲ," ಎಂದರು. "ಬೆಂಕಿ ಒಂದೀಟು ಇಳುದ್ರೂ ಎಲೆ ಕರ್ರಗಾಯ್ತದೆ. ಇವ್ರು ಜೀಪ್ ತಗಂಡು ಓಗೋರು. ನಾನು ಒಲೆ ಮುಂದೆ ಕುಂತಿರೋಳು. ಯಾಕ್ರೀ ಓಯ್ತೀರಿ ಅಂದ್ರೆ, ನಗೋರು. ಆಸೆ ಅವ್ರ್ಗೂ ಇತ್ತು ಬುಡಿ."

ಅವರ ತಲೆಯ ಮೇಲೆ, ಗೋಡೆಯಲ್ಲಿ ಆ ಕ್ಯಾಲೆಂಡರ್ ಇತ್ತು. ತಾರೀಕುಗಳನ್ನು ಕತ್ತರಿಸಿ ತೆಗೆದು ಚಿತ್ರವನ್ನಷ್ಟೇ ಉಳಿಸಿಕೊಂಡಿದ್ದರು. ಕೆಳಗಿನ ಬಾಗಿನಲ್ಲಿ, ಹುಲ್ಲಂಚಿನಲ್ಲಿ, ಕಪ್ಪು ಕಲೆಯೊಂದು ಕೂತಿತ್ತು. ನಾನು ಅದನ್ನೇ ನೋಡುತ್ತಿರುವುದನ್ನು ಅವರು ಕಂಡರು.

"ಮನೆಗೆ ಬಂದೋರ್ಗೆಲ್ಲ ಅಲ್ಲಿ ಬೆರ್ಳಿಟ್ಟು ತೋರ್ಸೋರು. ‘ಇಲ್ಲಿ ನಾನ್ ನಿಂತಿವ್ನಿ ಕಣ್ರಪ್ಪಾ, ಕಾಣಾಕಿಲ್ಲ ಅಷ್ಟೆ’ ಅನ್ನೋರು."

"ಅಲ್ಲಿಂದ ಅಣ್ಣನ್ನ ಅಳಿಸಿದ್ದು ನಾನೇ ಅಕ್ಕ."

"ಗೊತ್ತು ಕಣವ್ವ. ಅವ್ರ್ಗೂ ಗೊತ್ತಿತ್ತು."

ಇಷ್ಟು ಸರಿಯಾಗಿ, ಅದೇ ಜಾಗದಲ್ಲಿ ಒಂದು ಕಲೆ ಇರುವುದನ್ನು ಬೇರೆಯವರು ಬರೆದಿದ್ದರೆ ನಾನು ನಂಬುತ್ತಿರಲಿಲ್ಲ. ದೀಪದ ಮಸಿ ಇರಬಹುದು. ಆದರೂ ನನ್ನ ಕೈ ತಾನಾಗಿ ಕ್ಯಾಮೆರಾ ಚೀಲದ ಜಿಪ್ಪನ್ನು ಅರ್ಧ ಎಳೆದಿತ್ತು.

"ಅದುನ್ನ ತೆಗೀಬ್ಯಾಡಿ ಮೇಡಮ್," ಎಂದರು ಅವರು, ಮೆಲ್ಲಗೆ. "ಅದೊಂದು ಇಲ್ಲೇ ಇರ್ಲಿ."

ಜಿಪ್ಪು ಮುಚ್ಚಿದೆ. ಎದ್ದು ಗೋಡೆಯ ಹತ್ತಿರ ಹೋಗಿ ನೋಡಿದೆ. ಬೆರಳ ತುದಿಯಷ್ಟಗಲದ ಕಪ್ಪು, ನಡುವೆ ಗಟ್ಟಿ, ಅಂಚಿನಲ್ಲಿ ತೆಳು. ಬಲಗೈಯದೋ ಎಡಗೈಯದೋ ಗೊತ್ತಾಗಲಿಲ್ಲ.