ಕಾಲೇಜಿಗೆ ಹಾಕಿದ ಮುಯ್ಯಿ

ಹೊಸೂರು ಕಡೆಯ ಗುಮ್ಮಳಾಪುರದ ಮುನಿವೆಂಕಟಮ್ಮನ ಮಗಳಿಗೆ ಸರ್ಕಾರ ಒಂದು ವರ್ಷದ ಸ್ಕಾಲರ್‌ಶಿಪ್ಪು ಬಾಕಿ ಇಟ್ಟುಕೊಂಡಿದೆ. ಎಂಬತ್ತೆರಡನೇ ಇಸವಿಯದು. ಹುಡುಗಿ ಓದು ಮುಗಿಸಿ ಕೆಲಸಕ್ಕೆ ಸೇರಿದಳು, ಈಗ ಎಂಬತ್ತೊಂಬತ್ತು, ಇನ್ನೂ ಬಂದಿಲ್ಲ. ಮಂಜೂರಾಗಿದೆ ಎಂಬ ಮಾತು ಬಂದಿದೆ.

ಮುನಿವೆಂಕಟಮ್ಮ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವ ಕೂಲಿಯವಳು. ಹುಣಸೆ ಇಲ್ಲದ ಕಾಲಕ್ಕೆ ರಾಗಿ ಹೊಲದ ಕಳೆ. ಗಂಡ ಹನುಮಯ್ಯ ಬೇರೆಯವರ ಹೊಲ ಉಳುತ್ತಿದ್ದ. ಅವನಿಗೆ ಮಾತು ಕಡಿಮೆ. ಮದುವೆಯಾದ ಹೊಸದರಲ್ಲಿ ಅದೊಂದು ಗುಣ ಅಂದುಕೊಂಡಿದ್ದೆ ಎಂದು ಅವಳು ಹೇಳುತ್ತಿದ್ದಳು. ಇವರಿಗೆ ಒಬ್ಬಳೇ ಮಗಳು, ಭಾಗ್ಯಮ್ಮ. ಆ ವರ್ಷ ಪ್ಲಸ್ ಟೂ ಪಾಸಾಗಿ, ಸೇಲಂನಲ್ಲಿ ಬಿ.ಎಸ್ಸಿ. ಸೀಟು ಸಿಕ್ಕಿತು. ಫೀಸು, ಹಾಸ್ಟೆಲ್ಲಿನ ಮುಂಗಡ ಎರಡನ್ನೂ ಜೂನ್ ತಿಂಗಳಲ್ಲೇ ಕಟ್ಟಬೇಕು. ಸ್ಕಾಲರ್‌ಶಿಪ್ಪು ಬರುವುದು ವರ್ಷ ಕಳೆದ ಮೇಲೆ. ಬಡವರ ಮಕ್ಕಳಿಗೆ ನೆರವು ಎಂದು ಅದರ ಹೆಸರು.

ಸ್ಕಾಲರ್‌ಶಿಪ್ಪಿನ ಆಫೀಸಿಗೆ ಅವಳ ಜೊತೆ ನಾನೂ ಹೋಗಿದ್ದೆ. ನಮ್ಮ ಕೂಲಿಕಾರರ ಸಂಘದ ಹೆಸರು ಹೇಳಿದರೆ ಆಗ ಆಫೀಸುಗಳಲ್ಲಿ ಕುರ್ಚಿ ಕೊಡುತ್ತಿದ್ದರು. ಕುರ್ಚಿ ಕೊಟ್ಟ ಗುಮಾಸ್ತ, "ಅಡುತ್ತ ವಾರಂ ವಾಂಗ" ಅಂದ ತಮಿಳಿನಲ್ಲಿ, ಮುಂದಿನ ವಾರ ಬನ್ನಿ ಅಂತ. ಹೋದೆವು. ಕುರ್ಚಿ ಕೊಟ್ಟ. ಮುಂದಿನ ವಾರ ಬನ್ನಿ ಅಂದ.

ಆಮೇಲೆ ಹೊಸೂರಿನ ಒಂದು ಬ್ಯಾಂಕಿಗೆ ಹೋದೆವು. ಮ್ಯಾನೇಜರು ಸುಬ್ಬರಾಮಯ್ಯನವರು ಪೇಟೆಯ ಹಳೇ ಮನೆತನದವರು, ಮರ್ಯಾದಸ್ಥರು.

"ಓದೋದಕ್ಕೆ ಸಾಲ ಕೊಡಬಹುದಮ್ಮ. ಸರ್ಕಾರಿ ನೌಕರಿಯಲ್ಲಿರೋರು ಒಬ್ಬರು ಜಾಮೀನು ಹಾಕಬೇಕು."

"ಸರ್ಕಾರಿ ನೌಕರಿಯೋರು ನಮ್ಮ ಪೈಕಿ ಇದ್ದಿದ್ರೆ ನಿಮ್ತಾವ ಯಾಕೆ ಬತ್ತಿದ್ದೆ, ಸ್ವಾಮಿ?"

ಮ್ಯಾನೇಜರು ಯೋಚನೆ ಮಾಡಿದರು. "ಎಮ್ಮೆ ತಗೋತೀರಾ? ಎಮ್ಮೆಗಾದರೆ ಈಗ ಸಾಲ ಇದೆ. ಸಬ್ಸಿಡಿನೂ ಇದೆ."

"ಎಮ್ಮೆ ಬಿ.ಎಸ್ಸಿ. ಓದ್ತದಾ?"

"ಎಮ್ಮೆ ಹೆಸರಲ್ಲಿ ತಗೊಂಡು..." ಅಂದು ಅವರು ಅರ್ಧಕ್ಕೆ ನಿಲ್ಲಿಸಿದರು. ಮರ್ಯಾದಸ್ಥರು ಅಷ್ಟು ಹೇಳಿದ್ದೇ ಹೆಚ್ಚು.

"ಸಾಲದ ಎಮ್ಮೆ ಕಿವೀಗೆ ಬಿಲ್ಲೆ ಹೊಡೀತಾರಂತೆ. ಪರೀಕ್ಷೆ ಮಾಡಕ್ಕೆ ಬಂದ್ರೆ ನನ್ನ ಮಗಳ ಕಿವಿ ತೋರ್ಸಲಾ?" ಎಂದು ಕೇಳಿ ಅವಳು ಎದ್ದು ಬಂದಳು.

ಬಸ್ಸಿನಲ್ಲಿ ಬರುವಾಗ ಮುಯ್ಯಿಯ ವಿಚಾರ ತೆಗೆದಳು. ಮದುವೆ ಮನೆಯಲ್ಲಿ ಉಂಡವರು ಚಪ್ಪರದಡಿ ಕೂತವನ ಹತ್ತಿರ ಹೆಸರು ಬರೆಸಿ ಹಾಕುವ ದುಡ್ಡು ಮುಯ್ಯಿ. ತಮಿಳರು ಮೊಯ್ ಅಂತಾರೆ. ಹಾಕಿಸಿಕೊಂಡವರು, ಹಾಕಿದವರ ಮನೆಯ ಮದುವೆಗೆ ಹೋಗಿ ಒಂದು ರೂಪಾಯಿ ಸೇರಿಸಿ ತಿರುಗಿಸಬೇಕು. ಮುನಿವೆಂಕಟಮ್ಮ ಇಪ್ಪತ್ತು ವರ್ಷದಿಂದ ಊರಿನ ಎಲ್ಲಾ ಮದುವೆಗೂ ಮುಯ್ಯಿ ಹಾಕಿದ್ದಳು. ಅದೆಲ್ಲ ಭಾಗ್ಯಮ್ಮನ ಮದುವೆಗೆ ವಾಪಸು ಬರಬೇಕಾದ್ದು. ಅದನ್ನೇ ಈಗ ಕಾಲೇಜಿಗೆ ಕೇಳುತ್ತೀನಿ ಅಂದಳು. ನನಗೆ ಅದು ಊಳಿಗಮಾನ್ಯ ಪದ್ಧತಿಯ ಹಾಗೆ ಕಂಡಿತು. ಹೇಳಿದೆ. "ಆಯ್ತು, ನಿಮ್ಮ ಸಂಘದಿಂದ ಕೊಡಿ" ಅಂದಳು.

ಊರಲ್ಲಿ ಮುಯ್ಯಿಯ ಕಟ್ಟಳೆಗೆಲ್ಲ ಮುತ್ತರಾಯಪ್ಪನೇ ಹಿರಿಯ. ಅವಳು ಅವನ ಜಗಲಿಗೆ ಹೋದಳು.

"ಚಪ್ಪರ ಇಲ್ದೆ ಮುಯ್ಯಿ ಇಲ್ಲ ಕಣಮ್ಮಿ" ಅಂದ ಅವನು.

"ಹಾಕಿಸ್ತೀನಿ, ಮಾವ."

"ಊಟ?"

"ಮುದ್ದೆ, ಅವರೇಕಾಳು ಸಾರು."

"ಗಂಡೆಲ್ಲಿ?"

"ಸೇಲಂನಾಗವ್ನೆ. ಕಾಲೇಜಿನ ಆಫೀಸಲ್ಲಿ ಕೂತ್ಕಂಡು ರಸೀದಿ ಹರೀತಾನೆ."

ಜಗಲಿ ಮೇಲಿದ್ದವರು ನಕ್ಕರು. ಮುತ್ತರಾಯಪ್ಪ ನಗಲಿಲ್ಲ. ಇದನ್ನು ಇಲ್ಲಿಗೇ ಮುರಿಯಬೇಕು ಎಂದು ಅವನು ಒಂದು ಕಟ್ಟಳೆ ಮಾಡಿದ. "ಮದುವೆಗೆ ಹಾಕಿದ್ದು ಮದುವೆಗೇ ತಿರುಗ್ತದೆ. ಅದನ್ನ ನೀನು ಈಗ ಕೇಳಂಗಿಲ್ಲ. ಕಾಲೇಜಿಗೆ ಅಂತ ಯಾರಾನ ಹಾಕಿದ್ರೆ ಅದು ಹೊಸಾ ಮುಯ್ಯಿ. ಹಾಕಿದೋರ ಮನೆ ಮಗು ಕಾಲೇಜಿಗೆ ಹೋದಾಗ ನೀನು ತಿರುಗಿಸ್ಬೇಕು. ನಡುವೆ ಬೇರೆ ಯಾವುದಕ್ಕೂ ತಿರುಗಿಸಂಗಿಲ್ಲ."

ಆಗ ನಮ್ಮೂರಿಂದ ಕಾಲೇಜಿಗೆ ಹೋಗುವ ಮಗು ಅವಳದ್ದೊಂದೇ. ಅಂದರೆ ಹಾಕಿದ ದುಡ್ಡು ಹಳ್ಳಕ್ಕೆ. ಯಾರೂ ಹಾಕುವುದಿಲ್ಲ ಎಂಬುದು ಅವನ ಲೆಕ್ಕ. ಆದರೆ ಅವಳು ಸೋಗೆ ತಂದು ಚಪ್ಪರ ಹಾಕಿಯೇಬಿಟ್ಟಳು. ಚಪ್ಪರದಲ್ಲಿ ಉಂಡು ಕೈ ಒರೆಸಿಕೊಂಡು ಹಂಗೇ ಎದ್ದು ಹೋಗುವಷ್ಟು ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ. ಮುತ್ತರಾಯಪ್ಪನೂ ಉಂಡ. ಹನ್ನೊಂದು ರೂಪಾಯಿ ಬರೆಸಿದ. ಫೀಸು ಕಟ್ಟಿಯಾಯಿತು.

ಭಾಗ್ಯಮ್ಮ ಎಂಬತ್ತೈದರಲ್ಲಿ ಪಾಸಾದಳು. ಹೊಸೂರಿನ ಪಕ್ಕದ ಮೂಕಂಡಪಲ್ಲಿಯಲ್ಲಿ ಒಂದು ಕೋಣೆ ಮಾಡಿಕೊಂಡು ಫ್ಯಾಕ್ಟರಿಯೊಂದರ ಲ್ಯಾಬಿಗೆ ಸೇರಿದಳು. ಮೊದಲ ಸಂಬಳದಲ್ಲೇ, "ಎಲ್ಲಾರ್ದೂ ಕೊಟ್ಬುಡಮ್ಮ" ಅಂತ ತಾಯಿಯ ಕೈಗೆ ದುಡ್ಡು ಕೊಟ್ಟಳು. ಮುನಿವೆಂಕಟಮ್ಮ ಮನೆಮನೆಗೆ ಹೋದಳು. ಯಾರೂ ಮುಟ್ಟಲಿಲ್ಲ. ಕಾರ್ಯವಿಲ್ಲದೆ ಮುಯ್ಯಿ ವಾಪಸು ಕೊಟ್ಟರೆ ನಿಮಗೂ ನಮಗೂ ಇನ್ನು ಏನೂ ಇಲ್ಲ ಅಂದ ಹಾಗೆ. "ನಮ್ಮನೆ ಏನು ಮುಳುಗೋಯ್ತಾ, ದುಡ್ಡು ತಂದಿದ್ಯಾ?" ಎಂದು, ಮುಯ್ಯಿ ಹಾಕಿದ್ದ ದೊಡ್ಡಣ್ಣನೆಂಬುವನ ಹೆಂಡತಿ ಬಾಗಿಲಲ್ಲೇ ಬೈದು ಕಳಿಸಿದಳು. ಕಳೆ ಕೀಳುವ ಸಾಲಿನಲ್ಲಿ, ಮುಯ್ಯಿ ತೀರಿಸದ ಮನೆಯವಳು ಬಂದಳು ಅನ್ನುವುದೂ ಅವರೇ. ತೆಗೆದುಕೊಳ್ಳುವುದಿಲ್ಲ, ಮರೆಯುವುದೂ ಇಲ್ಲ. ಅವಳಿಗೆ ಊಟ ಸೇರಲಿಲ್ಲ. ಹನುಮಯ್ಯ ಆ ವರ್ಷದ ತನ್ನ ಒಂದು ಮಾತು ಆಡಿದ: "ಅವರ ಮಕ್ಕಳನ್ನ ಕಾಲೇಜಿಗೆ ಕಳ್ಸು."

ಅಂದಿನಿಂದ ಅವಳು ಮುಯ್ಯಿ ಹಾಕಿದವರ ಜಗಲಿಯಲ್ಲಿ ಕೂರಲು ಶುರು ಮಾಡಿದಳು. ದೊಡ್ಡಣ್ಣನ ಮಗ ಹತ್ತನೇ ಕ್ಲಾಸಿಗೆ ಓದು ಬಿಟ್ಟು ಲಾರಿ ಕ್ಲೀನರ್ ಆಗಲು ಹೊರಟಿದ್ದ.

"ಯಾಕ್ಲಾ, ನೀನು ಲಾರಿ ಒರೆಸ್ಕಂಡು ಕೂತ್ರೆ ನನ್ನ ಬಾಕಿ ತೀರೋದೆಂಗ್ಲಾ?" ಅಂದಳು. ಅವನು ಹಿತ್ತಲಿಂದ ಹೋಗ್ಬುಟ್ಟ. ಮರುದಿನ ಹಿತ್ತಲಲ್ಲಿ ಕೂತಳು. ಕಡೆಗೆ ಅವನು ಸ್ಕೂಲಿಗೇ ಹೋದ, ಅಲ್ಲಿಗೆ ಅವಳು ಬರಲಾರಳು ಅಂತ. ನಾವು ಸಂಘದವರು ಆಫೀಸುಗಳ ಮುಂದೆ ಎಷ್ಟೋ ಧರಣಿ ಕೂತವರು. ಧರಣಿಯಿಂದ ಒಬ್ಬ ಹುಡುಗ ಪ್ಲಸ್ ಟೂ ಪಾಸಾದದ್ದನ್ನು ನಾನು ಅಲ್ಲೇ ನೋಡಿದ್ದು. ಅವನು ಕಾಲೇಜಿಗೆ ಹೊರಟ ದಿನ ಅವಳು ದೊಡ್ಡಣ್ಣ ಹಾಕಿದ ಚಪ್ಪರಕ್ಕೆ ಹೋಗಿ, ಒಂದು ರೂಪಾಯಿ ಸೇರಿಸಿ ಮುಯ್ಯಿ ತಿರುಗಿಸಿದಳು. ಆವತ್ತು ಎರಡು ಮುದ್ದೆ ಉಂಡಳು.

ಎಂಬತ್ತೇಳರಲ್ಲಿ ಮುತ್ತರಾಯಪ್ಪನ ಮೊಮ್ಮಗಳು ಪ್ಲಸ್ ಟೂ ಪಾಸಾದಳು. ಅವನು ಮದುವೆ ಗೊತ್ತು ಮಾಡಿದ. ಮುನಿವೆಂಕಟಮ್ಮ ಹನ್ನೆರಡು ರೂಪಾಯಿ ಗಂಟು ಕಟ್ಟಿಕೊಂಡು ಅವನ ಜಗಲಿಗೆ ಬಂದಳು.

"ಮದುವೆಗೇ ಹಾಕಮ್ಮಿ ಅದನ್ನ" ಅಂದ ಅವನು.

"ಮದುವೇದು ಬೇರೆ ಹಾಕ್ತೀನಿ, ಮಾವ. ಇದು ಕಾಲೇಜಿಂದು. ಬೇರೆ ಯಾವುದಕ್ಕೂ ತಿರುಗಿಸಂಗಿಲ್ಲ ಅಂದಿದ್ದು ನೀನೇ."

"ನಾನೇ ಬುಟ್ಬುಟ್ಟೆ ಅನ್ಕೋ."

"ನೀನು ಬುಡ್ತೀಯ. ಊರು ಬುಡ್ತದಾ?"

ಅವನು ಎಲೆಅಡಿಕೆ ಉಗಿದು ಬಂದ. ಅವಳು ಅಲ್ಲೇ ಇದ್ದಳು. ಉಂಡು ಬಂದ. ಅಲ್ಲೇ ಇದ್ದಳು. ಒಳಗಿಂದ ಮೊಮ್ಮಗಳು, "ತಾತ, ಅವರಿಗೂ ಒಂದು ಮುದ್ದೆ ಇಡ್ಲಾ?" ಅಂದಳು. "ಇಡು. ನಿನ್ನಿಂದಾನೇ ಅವಳು ಕೂತಿರೋದು" ಎಂದು ಗೊಣಗಿದ. ಮೂರನೇ ದಿನ ಗಂಡಿನ ಕಡೆಯವರಿಗೆ, ಮೂರು ವರ್ಷ ತಡೀರಿ, ಮನೇಲಿ ಒಂದು ಬಾಕಿ ಐತೆ ಎಂದು ಹೇಳಿ ಕಳಿಸಿದ. ಅವರು ತಡೆಯಲಿಲ್ಲ, ಬೇರೆ ಕಡೆ ನೋಡಿಕೊಂಡರು. ಹುಡುಗಿ ಈಗ ಕೊನೇ ವರ್ಷದಲ್ಲಿದ್ದಾಳೆ. ಅವಳ ಸ್ಕಾಲರ್‌ಶಿಪ್ಪೂ ಬಂದಿಲ್ಲ, ಅದು ಬೇರೆ ಮಾತು. ಅವಳ ಫೀಸಿಗೂ ಚಪ್ಪರ ಹಾಕಿದ್ದರು, ಈಗ ಮುತ್ತರಾಯಪ್ಪನೂ ಊರಿಗೆ ಬಾಕಿದಾರ. ಇಬ್ಬರೂ ಒಂದೇ ಜಗಲಿಯಲ್ಲಿ ಕೂತು, ಯಾರ ಮನೆ ಮಗು ಎಷ್ಟನೇ ಕ್ಲಾಸು ಎಂದು ಮಾತಾಡುತ್ತಾರೆ.

ಇನ್ನು ನಿಮ್ಮ ವಿಷಯ. ಸರ್ಕಾರದ ದುಡ್ಡಿಗೆ ಕಾದು ಕೂರಲು ನಾವಿದ್ದೇವೆ, ನಮಗೆ ಅಭ್ಯಾಸವಿದೆ. ನೀವು ಕಾಯಬೇಡಿ. ಇದನ್ನು ನೀವು ಓದುತ್ತಿದ್ದೀರಿ ಅಂದರೆ ನಿಮ್ಮನ್ನು ಯಾರೋ ಓದಿಸಿದ್ದಾರೆ. ಆ ಮುಯ್ಯಿ ನೀವಿನ್ನೂ ತಿರುಗಿಸಿಲ್ಲ. ಬರುವ ಜೂನ್‌ನಲ್ಲಿ ನಿಮ್ಮ ಬೀದಿಯ ಯಾವ ಮಗು ಫೀಸಿಲ್ಲದೆ ಮನೇಲಿ ಕೂತಿದೆ, ಹೋಗಿ ನೋಡಿ. ಎಷ್ಟು ಹಾಕುತ್ತೀರಿ? ಈಗಲೇ ಹೇಳಿ, ಬರೆದುಕೊಳ್ಳುತ್ತೇನೆ.