ಮೆಟ್ಟಿಲು ತುಳಿಯದ ಚಿಕ್ಕತ್ತೆ

ಮಕ್ಕಳೇ, ಹೋದ ತಿಂಗಳು ನೀವು ನನ್ನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ವಿಧಾನಸೌಧ ತೋರಿಸಿದಿರಿ. ನೀವೆಲ್ಲ ಆ ದೊಡ್ಡ ಮೆಟ್ಟಿಲು ಹತ್ತಿದಿರಿ, ನಾನು ಕೆಳಗೇ ನಿಂತೆ. ಮಂಡಿ ನೋವು ಎಂದೆ. ನಾಲ್ಕು ಜನರೆದುರು ಮಾತಾಡುವುದು ನನಗೆ ಮೊದಲಿನಿಂದಲೂ ಆಗದು. ಅದಕ್ಕೇ ನಿಜವಾದ ಕಾರಣ ಬರೆಯುತ್ತಿದ್ದೇನೆ.

ಕಟ್ಟಡ ತೋರಿಸಿದ ಹುಡುಗ ಚೆನ್ನಾಗಿ ಹೇಳಿದ. ಬೆಂಗಳೂರಿನ ಸುತ್ತಲ ಬಂಡೆ ಸೀಳಿ ತಂದ ಕಲ್ಲು, ಗುಡಿಗಳ ಕಂಬ ಗೋಪುರ ನೋಡಿ ಮಾಡಿದ ಕೆತ್ತನೆ, ಗುಮ್ಮಟದ ನೆತ್ತಿಯ ಮೇಲೆ ನಾಲ್ಕು ಸಿಂಹ. ಕೆಲಸಕ್ಕೆ ಜೈಲಿನ ಕೈದಿಗಳನ್ನು ಹಚ್ಚಿದ್ದರು, ಮುಗಿದ ಮೇಲೆ ಬಿಡುಗಡೆ ಮಾಡಿದರು ಎಂದ. ಅಷ್ಟು ಹೇಳಿ ಫೋಟೊ ತೆಗೆಸಿಕೊಳ್ಳುವ ಜಾಗಕ್ಕೆ ನಡೆದ. ಆ ಕೈದಿಗಳಲ್ಲಿ ಒಬ್ಬರು ನನ್ನ ಮಾವ, ನಿಮ್ಮ ಮುತ್ತಾತ.

ಪಾಂಡವಪುರದ ಕಡೆಯ ನಮ್ಮೂರಲ್ಲಿ ಕೆ.ಆರ್.ಎಸ್. ನಾಲೆಯ ನೀರು ಗದ್ದೆಗೆ ಸರದಿಯ ಮೇಲೆ ಬರುತ್ತದೆ. ಸರದಿಯ ಜಗಳದಲ್ಲಿ ಮಾವ ತಮ್ಮ ದಾಯಾದಿ ತಮ್ಮನ ತಲೆಗೆ ಗುದ್ದಲಿಯಲ್ಲಿ ಹೊಡೆದಿದ್ದರು. ಆತ ಬದುವಿನ ಮೇಲೇ ಸತ್ತ. ಅವನ ಹೆಂಡತಿ ವರಸೆಯಲ್ಲಿ ನನಗೆ ಚಿಕ್ಕತ್ತೆ. ಆಕೆಗೆ ಆಗ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲವಂತೆ.

ಮಾವ ವಿಧಾನಸೌಧದಲ್ಲಿ ಕಲ್ಲು ಹೊತ್ತು, ಆಮೇಲೆ ಕೆತ್ತುವವರ ಪಕ್ಕ ಕೂತು ಕಲಿತರು. ಊರಿಗೆ ಬಂದ ಮೇಲೂ ಉಳಿ ಸುತ್ತಿಗೆ ಬಿಡಲಿಲ್ಲ. ನಾನು ಸೊಸೆಯಾಗಿ ಬರುವ ಹೊತ್ತಿಗೆ ನಾಲೆಗೆ ಇಳಿಯಲು ಕಲ್ಲಿನ ಮೆಟ್ಟಿಲು ಕಟ್ಟಿ ಮುಗಿಸಿದ್ದರು. ಒಂದೊಂದೂ ಅಗಲ, ತಗ್ಗು.

"ಅಲ್ಲೂ ಮೆಟ್ಲು ಇಂಗೇಯ ಕಣವ್ವ. ಕೊಡ ಒತ್ಕಂಡು ಅತ್ತುದ್ರೂವೆ ಉಸ್ರು ಕಟ್ಟಕಿಲ್ಲ," ಎನ್ನುತ್ತಿದ್ದರು.

ಬಟ್ಟೆ ಒಗೆಯುವ ಹೆಂಗಸರು ನನ್ನನ್ನು ರೇಗಿಸುತ್ತಿದ್ದರು: "ನಿಮ್ಮಾವ ನಮ್ಗೂ ಒಂದು ಇದಾನಸೌದ ಕಟ್ಕೊಟ್ಟವ್ರೆ ಕಣಮ್ಮಿ. ಬಟ್ಟೆ ಒಗ್ಯೋ ಮಂತ್ರಿಗೋಳು ನಾವು!"

ಚಿಕ್ಕತ್ತೆ ಮಾತ್ರ ಆ ಮೆಟ್ಟಿಲು ತುಳಿಯಲಿಲ್ಲ. ಪಕ್ಕದ ಜಾರು ಏರಿಯಲ್ಲಿ ಹುಲ್ಲು ಹಿಡಿದು ಇಳಿಯುತ್ತಿದ್ದರು, ತುಂಬಿದ ಕೊಡ ಸೊಂಟಕ್ಕಿಟ್ಟು ಹಾಗೇ ಹತ್ತುತ್ತಿದ್ದರು. ಅವರೊಬ್ಬರ ಕಾಲಿಗೇ ಆ ಮಣ್ಣಲ್ಲಿ ಜಾಡು ಮೂಡಿತ್ತು. ಮಾವ ದಿನಾ ಬೆಳಿಗ್ಗೆ ಹೊಂಗೆ ಮರದ ಕೆಳಗೆ ಕೂತು ನೋಡುತ್ತಿದ್ದರು. ಇಲ್ಲೇನು ಕೆಲಸ ಎಂದು ನಿಮ್ಮ ತಾತ ಒಮ್ಮೆ ಗದರಿದರು.

"ಒಂದ್ಸಲ ಆಯಮ್ಮ ಮೆಟ್ಲ ಮ್ಯಾಲೆ ಕಾಲಿಟ್ಬುಟ್ರೆ ಸಾಕು ಕಣ್ಲಾ. ಆಮ್ಯಾಕೆ ನಾನು ಇಲ್ಲಿಗೆ ಬರಕಿಲ್ಲ."

ಒಂದು ಮಳೆಗಾಲ ಚಿಕ್ಕತ್ತೆ ಆ ಏರಿಯಲ್ಲೇ ಜಾರಿ ಬಿದ್ದರು. ಸೊಂಟ ಮುರಿದಿತ್ತು. ನಿಮ್ಮ ತಾತ ಓಡಿಹೋಗಿ ಎತ್ತಿಕೊಂಡು ಮೆಟ್ಟಿಲ ಕಡೆ ತಿರುಗಿದರು. ನೋವಿಗೆ ಕಿರುಚುತ್ತಿದ್ದ ಆಕೆ ತಟ್ಟನೆ ಸುಮ್ಮನಾದರು.

"ಅದ್ರ ಮ್ಯಾಲೆ ಬ್ಯಾಡ ಮಗ. ಅಲ್ಲೇ ಒಯ್ತೀನಿ ಅಂದ್ರೆ ನನ್ನ ನಾಲೆಗೇ ಆಕ್ಬುಡು."

ಮಾವ ಮರದ ಕೆಳಗೇ ಇದ್ದರು. ಅವರಿಗೆ ಕೇಳಿಸಿತು. ಕೊನೆಗೆ ಮಣ್ಣಿನಲ್ಲೇ, ಇಬ್ಬರು ಮೇಲಿನಿಂದ ಹಿಡಿದೆಳೆದು ಹತ್ತಿಸಿದರು. ಒಂದೊಂದು ಎಳೆತಕ್ಕೂ ಆಕೆ ಚೀರಿದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

ಮರುದಿನ ಮಾವ ಹಾರೆ ತೆಗೆದುಕೊಂಡು ಹೋಗಿ ಮೇಲಿನ ಮೆಟ್ಟಿಲನ್ನು ಮೀಟತೊಡಗಿದರು. ಬಟ್ಟೆ ಒಗೆಯುತ್ತಿದ್ದವರು ಮುತ್ತಿಕೊಂಡರು. "ನೀನ್ ಮಾಡಿದ್ ಪಾಪಕ್ಕೆ ನಾವ್ಯಾಕಪ್ಪ ಜಾರಿ ಸಾಯ್ಬೇಕು? ಸುಮ್ಕೆ ಮನೆಗೋಗು," ಎಂದು ಒಬ್ಬಳು ಹಾರೆ ಕಿತ್ತುಕೊಂಡಳು. ಕಲ್ಲು ಅಲುಗಿರಲೂ ಇಲ್ಲ. ಅಷ್ಟು ಭದ್ರವಾಗಿ ಕೂರಿಸಿದ್ದರು.

ಚಿಕ್ಕತ್ತೆ ಮತ್ತೆ ಏಳಲಿಲ್ಲ. ದೀಪಾವಳಿಗೆ ಮುಂಚೆಯೇ ಹೋದರು. ನಮ್ಮಲ್ಲಿ ಸತ್ತವರಿಗೆ ದಾಯಾದಿಗಳೆಲ್ಲ ಒಂದು ಹಿಡಿ ಮಣ್ಣು ಹಾಕಬೇಕು. ಮಾವನೂ ಹೋದರು. ಮುಷ್ಟಿಯಲ್ಲಿ ಮಣ್ಣು ಹಿಡಿದು ಗುಂಡಿಯಿಂದ ದೂರ ನಿಂತರು. ಯಾರೂ ಬೇಡ ಎನ್ನಲಿಲ್ಲ, ಬಾ ಎನ್ನಲೂ ಇಲ್ಲ. ಎಲ್ಲರೂ ಕೈತೊಳೆದು ಹೊರಟ ಮೇಲೂ ಮುಷ್ಟಿ ಬಿಚ್ಚಿರಲಿಲ್ಲ. ಹಿಂದಿರುಗುವಾಗ ಅದನ್ನು ನಾಲೆ ಏರಿಯ ಆ ಜಾಡಿನಲ್ಲಿ ಹಾಕಿ ಮನೆಗೆ ಬಂದರು. ಉಳಿ ಮತ್ತೆ ಮುಟ್ಟಲಿಲ್ಲ.

ಅವತ್ತು ನೀವು ಮೇಲಿನಿಂದ "ಬಾ ಅಜ್ಜಿ, ಮೆಟ್ಟಿಲು ಸುಲಭವಾಗಿದೆ" ಎಂದು ಕೂಗಿದಿರಿ. ಸುಲಭವೆಂದು ನನಗೆ ಗೊತ್ತಿತ್ತು. ಕೆಳಗೆ ನಿಂತು ಅಕ್ಕಪಕ್ಕ ನೋಡಿದೆ. ಮಣ್ಣಿನ ದಾರಿ ಎಲ್ಲೂ ಇರಲಿಲ್ಲ.